ಹೆಂಗಸ್ರು ಕೆಲಸ ಮಾಡೋದು 23ರಿಂದ 41 ಪರ್ಸೆಂಟ್ ಆಯ್ತಂತೆ, ಎಲ್ಲಿ ಕಾಣ್ತಿದೆ ಗುರು ಇದು?

ತಿಪಟೂರು_ತೆಂಗು
ಒಂದು ಡೌಟು, ಗೊತ್ತಿರೋರು ಬಿಡಿಸಿ ಹೇಳಿ. ಪಿಎಲ್‌ಎಫ್‌ಎಸ್ ಅಂತ ಕೇಂದ್ರ ಸರ್ಕಾರದ ಉದ್ಯೋಗದ ಸರ್ವೆ ಬರುತ್ತಲ್ಲ, ಅದ್ರಲ್ಲಿ 15 ವರ್ಷ ದಾಟಿದ ಹೆಂಗಸರ ಪೈಕಿ ಕೆಲಸ ಮಾಡ್ತಿರೋರು ಪ್ಲಸ್ ಕೆಲಸ ಹುಡುಕ್ತಿರೋರು ಸೇರಿ 2017-18ರಲ್ಲಿ 23.3 ಪರ್ಸೆಂಟ್ ಇದ್ದಿದ್ದು 2023-24ಕ್ಕೆ 41.7 ಆಗಿದ್ಯಂತೆ. ಆರು ವರ್ಷಕ್ಕೆ ಹತ್ರಹತ್ರ ಡಬಲ್, ಅದೂ ಮಧ್ಯದಲ್ಲಿ ಕೊರೋನಾ ಬಂದು ಎಲ್ಲ ಬಾಗಿಲು ಹಾಕಿದ್ದಾಗಲೂ ಏರ್ತಾನೇ ಇತ್ತಂತೆ. ನಮ್ಮೂರ್ ಕಡೆ ನೋಡಿದ್ರೆ ಹೊಸ ಫ್ಯಾಕ್ಟ್ರಿ ಒಂದೂ ಬಂದಿಲ್ಲ, ಡಿಗ್ರಿ ಮುಗಿಸಿದ ಹುಡ್ಗೀರು ಮದ್ವೆ ಆಗೋವರ್ಗೂ ಮನೇಲೇ, ಆದ್ಮೇಲೂ ಮನೇಲೇ. ಹಂಗಾದ್ರೆ ಈ ಹೆಂಗಸ್ರೆಲ್ಲ ಎಲ್ಲಿಗೆ ಕೆಲಸಕ್ಕೆ ಸೇರಿದ್ರು? ಯಾವ ಪಕ್ಷದ ಗಲಾಟೆನೂ ಬೇಡ, ಲೆಕ್ಕ ಅರ್ಥ ಆದ್ರೆ ಸಾಕು.

ಸೀದಾ_ಮಾತು
ಬೋಗಸ್. ಮೇಲಿಂದ ಎಷ್ಟು ಬೇಕು ಅಂತ ಹೇಳ್ತಾರೆ, ಕೆಳಗಿರೋರು ಅಷ್ಟು ತುಂಬಿಸ್ತಾರೆ. ಮುಗೀತು. 2019ರಲ್ಲಿ ಎಲೆಕ್ಷನ್ ಮುಗಿಯೋವರೆಗೂ ಈ ಸರ್ವೆದು ಮೊದಲ ರಿಪೋರ್ಟ್ ಹೊರಗೇ ಬಿಟ್ಟಿರ್ಲಿಲ್ಲ ನೆನಪಿದ್ಯಾ?

ಮನೆಮನೆ_ಸರ್ವೆ
@ಸೀದಾ_ಮಾತು ರಿಪೋರ್ಟ್ ತಡೆ ಹಿಡಿದಿದ್ದು ನಿಜ. ಸ್ಟ್ಯಾಟಿಸ್ಟಿಕಲ್ ಕಮಿಷನ್‌ನಿಂದ ಪಿ.ಸಿ. ಮೋಹನನ್, ಜೆ.ವಿ. ಮೀನಾಕ್ಷಿ ಇಬ್ರೂ 2019ರ ಜನವರಿಲಿ ರಾಜೀನಾಮೆ ಕೊಟ್ಟಿದ್ರು, ರಿಪೋರ್ಟ್ ಅಧಿಕೃತವಾಗಿ ಬಂದಿದ್ದು ಮೇ 31ಕ್ಕೆ. ಆದ್ರೆ ಒಂದು ನೋಡಿ, ಅವತ್ತು ತಡೆದಿದ್ದು ನಿರುದ್ಯೋಗದ ನಂಬರ್ ಕೆಟ್ಟದಾಗಿತ್ತು ಅಂತಾನೇ ಆರೋಪ. ಅಂದ್ರೆ ಕೆಳಗಿನೋರು ಮೇಲಿನೋರಿಗೆ ಬೇಕಾದ್ದು ತುಂಬಿಸಿರ್ಲಿಲ್ಲ ಅಂತ ತಾನೇ ಅರ್ಥ? ನಾನು ಈ ತರದ ಸರ್ವೆಗಳಲ್ಲಿ ಕಾಂಟ್ರಾಕ್ಟ್ ಮೇಲೆ ಫೀಲ್ಡ್ ಕೆಲಸ ಮಾಡಿದೀನಿ. ಬೇರೆ ಬೇಕಾದಷ್ಟು ತಪ್ಪು ಆಗತ್ತೆ, ನಂಬರ್ ಹೇಳಿ ಬರೆಸೋದು ನಾನಂತೂ ನೋಡಿಲ್ಲ.

ಈಗ ವಿಷಯಕ್ಕೆ ಬರೋಣ. 41.7 ಅನ್ನೋದನ್ನ ಬಿಡಿಸಿ ನೋಡಿ. ಹಳ್ಳಿ ಹೆಂಗಸ್ರು 24.6ರಿಂದ 47.6ಕ್ಕೆ ಹೋಗಿದಾರೆ, ಸಿಟಿ ಹೆಂಗಸ್ರು 20.4ರಿಂದ 28ಕ್ಕೆ. ಅಂದ್ರೆ ಏರಿದ್ದೆಲ್ಲ ಹೆಚ್ಚುಕಮ್ಮಿ ಹಳ್ಳಿಲಿ. ಕೆಲಸ ಮಾಡೋ ಹೆಂಗಸರಲ್ಲಿ ಸ್ವಂತ ಉದ್ಯೋಗದವರು 51.9 ಪರ್ಸೆಂಟ್ ಇದ್ರು, 67.4 ಆದ್ರು. ಸಂಬಳದ ಕೆಲಸದವರ ಪಾಲು 21ರಿಂದ 15.9ಕ್ಕೆ ಇಳೀತು. ಕೃಷಿಲಿರೋರ ಪಾಲು 57ರಿಂದ 64.4ಕ್ಕೆ ಏರಿತು, ದೇಶ ಮುಂದುವರೀತಾ ಇದ್ರೆ ಕೃಷಿ ಪಾಲು ಇಳೀಬೇಕು ಅಂತ ಸ್ಕೂಲಲ್ಲೇ ಓದಿರ್ತೀವಿ, ಇಲ್ಲಿ ಉಲ್ಟಾ. ಸ್ವಂತ ಉದ್ಯೋಗ ಅಂದ ತಕ್ಷಣ ಬ್ಯೂಟಿ ಪಾರ್ಲರ್, ಬೊಟೀಕ್ ಅಂತೆಲ್ಲ ಅನ್ಕೋಬೇಡಿ, ಅದ್ರೊಳಗೆ ಒಂದು ಕೋಡ್ (ಯಾರು ಏನು ಮಾಡ್ತಾರೆ ಅಂತ ಸರ್ವೆ ಫಾರಂನಲ್ಲಿ ಹಾಕೋ ನಂಬರ್) ಇದೆ, 21. ಮನೆಯವರ ಹೊಲದಲ್ಲಿ, ಅಂಗಡಿಲಿ, ದನದ ಕೊಟ್ಟಿಗೆಲಿ ಕೂಲಿ ಇಲ್ದೆ ದುಡಿಯೋರು. ಕೆಲಸ ಮಾಡೋ ಹೆಂಗಸರಲ್ಲಿ ಆ ಕೋಡ್‌ನೋರೇ 2017-18ರಲ್ಲಿ 31.7 ಪರ್ಸೆಂಟು, 2023-24ರಲ್ಲಿ 36.7.

ನಿಮಗೆ ಊರಲ್ಲಿ ಏನೂ ಕಾಣ್ತಿಲ್ಲ ಅಂದ್ರಲ್ಲ, ಕಾಣ್ತಿದೆ, ದಿನಾ ನೋಡಿ ಅಭ್ಯಾಸ ಆಗಿರೋದ್ರಿಂದ ಲೆಕ್ಕಕ್ಕೆ ತಗೊಂಡಿಲ್ಲ ಅಷ್ಟೆ.

ತಿಪಟೂರು_ತೆಂಗು
ತಡೀರಿ ತಡೀರಿ. ಅಂದ್ರೆ ನಮ್ಮಮ್ಮನೂ ಈ ಲೆಕ್ಕದಲ್ಲಿ ಬರ್ತಾರಾ? ಎರಡು ಹಸು ಇದೆ, ಮೇವು ಹಾಕೋದು ಹಾಲು ಕರಿಯೋದು ಸಗಣಿ ಬಾಚೋದು ಎಲ್ಲಾ ಅಮ್ಮನೇ, ಬೆಳಗ್ಗೆ ಸಂಜೆ ಡೈರಿಗೆ ಹಾಕ್ಬರೋದು ಮಾತ್ರ ಅಪ್ಪ. ಡೈರಿ ಪುಸ್ತಕ ಅಪ್ಪನ ಹೆಸರಲ್ಲಿ, ಬಟವಾಡೆ ದುಡ್ಡು ಅಪ್ಪನ ಅಕೌಂಟಿಗೆ. ಅಮ್ಮನ್ನ ಕೇಳಿದ್ರೆ ಏನ್ಮಾಡ್ತೀರಾ ಅಂತ, "ಮನೇಲೇ ಇರ್ತೀನಪ್ಪ" ಅಂತಾರೆ.

ಮನೆಮನೆ_ಸರ್ವೆ
ಕರೆಕ್ಟಾಗಿ ಗಂಟಿರೋ ಜಾಗಕ್ಕೇ ಕೈ ಹಾಕಿದ್ರಿ. ನಿಮ್ಮಮ್ಮ ಇರೋದು ನಾಲ್ಕು ಕೋಡ್‌ಗಳ ಮಧ್ಯೆ. "ಮನೇಲೇ ಇರ್ತೀನಿ" ಅಂದಿದ್ದನ್ನ ಹಂಗೇ ಬರ್ಕೊಂಡ್ರೆ ಕೋಡ್ 92, ಬರೀ ಮನೆಗೆಲಸ, ದುಡಿಯೋರ ಲೆಕ್ಕಕ್ಕೆ ಇಲ್ಲ. ಮನೆಗೆಲಸದ ಜೊತೆ ಸೌದೆ ಸೊಪ್ಪು ತರ್ತಾರೆ, ಮನೆ ಮಟ್ಟಿಗೆ ಹೊಲಿಗೆ ಹಾಕ್ತಾರೆ ಅಂದ್ರೆ 93, ಅದೂ ಲೆಕ್ಕಕ್ಕಿಲ್ಲ. ಹಾಲು ಮಾರ್ತೀರಾ, ಹಸು ನೋಡ್ಕೊಳೋದ್ಯಾರು ಅಂತ ಇನ್ನೆರಡು ಪ್ರಶ್ನೆ ಕೇಳಿದ್ರೆ ಕೋಡ್ 21, ಆವಾಗ ಅವರು ದುಡಿಯೋರು. ಪುಸ್ತಕ ಅವರ ಹೆಸರಲ್ಲಿದ್ದು ವ್ಯವಹಾರನೂ ಅವರೇ ನೋಡ್ತಿದ್ರೆ 11, ಸ್ವಂತ ಉದ್ಯೋಗಸ್ಥೆ. ಹಸು ಅದೇ, ಹೆಂಗಸು ಅದೇ, ಪ್ರಶ್ನೆ ಮಾತ್ರ ಬೇರೆ.

ಇನ್ನೊಂದು ವಿಷ್ಯ. ವರ್ಷದಲ್ಲಿ ಹೆಚ್ಚಿನ ಟೈಮು ಏನ್ಮಾಡಿದ್ರಿ ಅಂತ ಮೊದಲು ಕೇಳ್ತೀವಿ, ಅದಕ್ಕೆ ಮನೆಗೆಲಸ ಅಂದ್ರೂ ಸಹ, ಅದರ ಜೊತೆ 30 ದಿನಕ್ಕಿಂತ ಕಮ್ಮಿ ಇಲ್ದಂಗೆ ಹೊಲದ್ದೋ ದನದ್ದೋ ಕೆಲಸ ಮಾಡಿದಾರೆ ಅಂದ್ರೆ ಉಪಕಸುಬು ಅಂತ ಹಾಕಿ ದುಡಿಯೋರ ಲೆಕ್ಕಕ್ಕೇ ಸೇರಿಸ್ತೀವಿ. 41.7 ಅನ್ನೋದು ಈ ಎರಡೂ ಸೇರಿಸಿದ ನಂಬರ್. ಮತ್ತೆ ಯಾರು ಉತ್ತರ ಹೇಳ್ತಾರೆ ಅನ್ನೋದೂ ಮುಖ್ಯ. ಎಷ್ಟೋ ಮನೇಲಿ ಜಗಲಿ ಮೇಲೆ ಕೂತ ಯಜಮಾನ್ರೇ ಎಲ್ಲರ ಪರವಾಗಿ ಹೇಳ್ಬಿಡ್ತಾರೆ, "ಅವಳೇನು ಮಾಡ್ತಾಳೆ ಸಾರ್, ಮನೇಲಿರ್ತಾಳೆ" ಅಂತ, ಅವಳು ಅಲ್ಲೇ ಹಿತ್ತಲಲ್ಲಿ ಹುಲ್ಲು ಹೊತ್ಕೊಂಡು ಬರ್ತಿರ್ತಾಳೆ.

ಹುಬ್ಬಳ್ಳಿ_ಮಿರ್ಚಿ
ಇದನ್ನ ಓದಿ ನಗೂ ಬಂತು ಸಿಟ್ಟೂ ಬಂತು. ಆದ್ರ ಒಂದ್ ಮಾತ್ ಹೇಳ್ತೀನಿ, ಎಲ್ಲಾನೂ ಪ್ರಶ್ನಿ ಕೇಳೂದ್ರಾಗ ಐತಿ ಅಂದ್ರ ನಾ ಒಪ್ಪಂಗಿಲ್ಲ. ನಮ್ ಕಡೆ ಖರೇನ ಕೆಲಸ ಬದಲಾಗೇತಿ. ಮೊದಲ ಕಳೆ ತೆಗಿಯೂದು ಅಂದ್ರ ಹೆಣ್ಮಕ್ಕಳದ್ದ ಕೆಲಸ, ಹತ್ತಿಪ್ಪತ್ತು ಮಂದಿ ಕೂಡಿ ಹಾಡಕೋತ ಹೊಲಕ್ಕ ಹೋಗೋರು. ಟ್ರ್ಯಾಕ್ಟರ್ ಬಂತು, ಆಳಾಗಿ ರಂಟಿ ಹೊಡದ್ರ ಕಳೆನ ಕಡಿಮಿ, ಉಳದಿದ್ದಕ್ಕ ಕಳೆ ಸಾಯೂ ಎಣ್ಣಿ ಹೊಡೀತಾರ. ಹೆಣ್ಮಕ್ಕಳ ಕೂಲಿ ಹೋತು. ಟ್ರ್ಯಾಕ್ಟರ್ ಹೊಡಿಯೂದು, ಎಣ್ಣಿ ಹೊಡಿಯೂದು ಎಲ್ಲಾ ಗಂಡ್ಸರು. ಇದನ್ನ ಯಾರರ ಲೆಕ್ಕಾ ಹಾಕಿ ನೋಡ್ಯಾರೇನು?

ಅಂಕಗಣಿತ_ಮೇಷ್ಟ್ರು
@ಹುಬ್ಬಳ್ಳಿ_ಮಿರ್ಚಿ ನೋಡಿದಾರೆ. ಫರ್ಜಾನಾ ಅಫ್ರಿದಿ, ಕನಿಕಾ ಮಹಾಜನ್ ಮತ್ತೆ ಜೊತೆಯವರದ್ದು ಒಂದು ಅಧ್ಯಯನ ಇದೆ, ನೀವು ಹೇಳಿದ್ದೇ ವಿಷಯ. ಅದರ ಐಡಿಯಾ ಚೆನ್ನಾಗಿದೆ. ಟ್ರ್ಯಾಕ್ಟರ್ ಇರೋ ಊರು ಇಲ್ಲದ ಊರು ಅಂತ ಸುಮ್ನೆ ಹೋಲಿಸಿದ್ರೆ ಪ್ರಯೋಜನ ಇಲ್ಲ, ಟ್ರ್ಯಾಕ್ಟರ್ ಇರೋ ಊರು ಮೊದಲೇ ದುಡ್ಡಿರೋ ಊರಾಗಿರುತ್ತೆ. ಅದಕ್ಕೆ ಅವರು ಮಣ್ಣು ನೋಡಿದ್ರು. ಸಡಿಲ ಗೋಡು ಮಣ್ಣಲ್ಲಿ ಆಳವಾಗಿ ಉಳೋದು ಸುಲಭ, ಜೇಡಿ ಮಣ್ಣಲ್ಲಿ ಕಷ್ಟ, ಹಂಗಾಗಿ ಯಂತ್ರದ ಉಳುಮೆ ಎಲ್ಲಿ ಜಾಸ್ತಿ ಬರುತ್ತೆ ಅನ್ನೋದನ್ನ ಮಣ್ಣೇ ಸ್ವಲ್ಪ ಮಟ್ಟಿಗೆ ತೀರ್ಮಾನ ಮಾಡುತ್ತೆ. ಮಣ್ಣನ್ನ ಯಾರೂ ಆರಿಸ್ಕೊಂಡು ಹುಟ್ಟಿರಲ್ಲ. ಹಂಗೆ ನೋಡಿದಾಗ ಯಂತ್ರ ಬಂದ ಕಡೆ ಗಂಡಸರಿಗಿಂತ ಹೆಂಗಸರ ಹೊಲದ ಕೆಲಸ ಜಾಸ್ತಿ ಬಿದ್ದಿದೆ, ಅದಕ್ಕೆ ದೊಡ್ಡ ಕಾರಣ ಕಳೆ ಕೀಳೋದು ಕಮ್ಮಿ ಆಗಿದ್ದು. ಮತ್ತೆ ಹೊಲ ಬಿಟ್ಟ ಹೆಂಗಸ್ರಿಗೆ ಹೊಲದಾಚೆ ಕೆಲಸನೂ ಸಿಕ್ಕಿಲ್ಲ.

ಇದು ಒಂದು. ಇನ್ನೊಂದು, ಮೇಲೆ "ಸಂಬಳದ ಕೆಲಸ 21ರಿಂದ 15.9ಕ್ಕೆ ಇಳೀತು" ಅಂತ ಬಂತಲ್ಲ, ಅದನ್ನ ಓದಿ ಸಂಬಳದ ಹೆಂಗಸರ ಸಂಖ್ಯೆನೇ ಕಮ್ಮಿ ಆಯ್ತು ಅನ್ಕೊಂಡ್ರೆ ಎಡವಿದಂಗೆ. ಅದು ಪಾಲು. ಛೇದ ದೊಡ್ಡದಾಗಿದೆ. ಒಂದು ಊರಲ್ಲಿ ದೊಡ್ಡ ಹೆಂಗಸ್ರು 100 ಜನ ಇದಾರೆ ಅಂತ ಇಟ್ಕೊಳಿ. 2017-18ರಲ್ಲಿ ಅವರಲ್ಲಿ ಕೆಲಸ ಮಾಡ್ತಿದ್ದೋರು 22. ಸ್ವಂತದ್ದು ಹನ್ನೊಂದೂವರೆ, ಸಂಬಳದ್ದು ನಾಲ್ಕೂವರೆ, ಕೂಲಿ ಆರು. 2023-24ರಲ್ಲಿ ಕೆಲಸ ಮಾಡೋರು 40.3. ಸ್ವಂತದ್ದು 27, ಸಂಬಳ ಆರೂವರೆ ಹತ್ರ, ಕೂಲಿ ಆರೂಮುಕ್ಕಾಲು. ಸಂಬಳದೋರು ಇಳಿದಿಲ್ಲ, ನಾಲ್ಕೂವರೆಯಿಂದ ಆರೂವರೆ ಹತ್ರಕ್ಕೆ ಹೋಗಿದಾರೆ, ಆದ್ರೆ ಒಟ್ಟು ಏರಿದ 18ರಲ್ಲಿ ಹತ್ರಹತ್ರ 16 ಜನ ಸ್ವಂತ ಉದ್ಯೋಗ ಅನ್ನೋ ಖಾನೆಗೆ, ಆ 16ರಲ್ಲಿ ಅರ್ಧ ಕೂಲಿ ಇಲ್ದ ಕೋಡ್ 21ಕ್ಕೆ. ದಶಮಾಂಶ ಹಿಡ್ಕೊಂಡು ಜಗಳಕ್ಕೆ ಬರ್ಬೇಡಿ, ರಿಪೋರ್ಟಿನ ಅಂಕಿಗಳನ್ನ ಗುಣಿಸಿ ಅಂದಾಜು ಹಾಕಿದ್ದು.

ಸೀದಾ_ಮಾತು
ಹಂಗಾದ್ರೆ ಬೋಗಸ್ ಅಲ್ಲ, ಆದ್ರೂ ಬೋಗಸ್ಸೇ. ದುಡ್ಡೇ ಕೈಗೆ ಬರ್ದಿರೋ ಕೆಲಸನ ಉದ್ಯೋಗ ಅಂತ ಎಣಿಸಿ "ಮಹಿಳಾ ಸಬಲೀಕರಣ" ಅಂತ ಪೋಸ್ಟರ್ ಹಾಕೋದು.

ಮನೆಮನೆ_ಸರ್ವೆ
ಪೋಸ್ಟರ್ ಬಗ್ಗೆ ನಿಮ್ಮ ಜೊತೆ ಇದೀನಿ. ಎಣಿಸೋದರ ಬಗ್ಗೆ ಇಲ್ಲ. ಆ ಹಾಲು ಜಿಡಿಪಿಲಿ ಬರುತ್ತೆ, ಕರೆದವಳು ಬರಬಾರದಾ? ಎಣಿಸ್ಲಿ, ಬೇರೆ ಸಾಲಲ್ಲಿ ತೋರಿಸ್ಲಿ.

ಉಳ್ಳಾಲ_ಬಂಗುಡೆ
ನಮ್ಮಲ್ಲಿ ಬೀಡಿ ಕಟ್ಟುವವರ ಕಥೆ ಕೇಳಿ ಮಾರಾಯ್ರೆ. ನಮ್ಮ ಅಜ್ಜಿ, ಅಮ್ಮ, ಚಿಕ್ಕಮ್ಮ ಎಲ್ಲ ಬೀಡಿ ಸೂಪು (ಮೊರ) ಮಡಿಲಲ್ಲಿ ಇಟ್ಟುಕೊಂಡೇ ನಮ್ಮನ್ನೆಲ್ಲ ದೊಡ್ಡ ಮಾಡಿದ್ದು. ಎಲೆ, ಹೊಗೆಸೊಪ್ಪು ಕಂಟ್ರಾಕ್ಟುದಾರ ಕೊಡುವುದು, ಸಾವಿರಕ್ಕೆ ಇಷ್ಟು ಅಂತ ಮಜೂರಿ, ಸರಿ ಇಲ್ಲದ್ದನ್ನು ಮುರಿದು ಬಿಸಾಡುವುದು. ಇದು ಸ್ವಂತ ಉದ್ಯೋಗವಾ ಕೂಲಿಯಾ? ರೇಟು ಅವರದ್ದು, ಎಲೆ ಅವರದ್ದು, ಮಾಲು ಅವರದ್ದು, ಬೆನ್ನು ನೋವು ಮಾತ್ರ ನಮ್ಮದು.

ಮನೆಮನೆ_ಸರ್ವೆ
@ಉಳ್ಳಾಲ_ಬಂಗುಡೆ ಸರ್ವೆಲಿ ಮನೇಲಿ ಕೂತು ಪೀಸ್‌ರೇಟಿಗೆ ಮಾಡಿಕೊಡೋರ್ನ ಸ್ವಂತ ಉದ್ಯೋಗದವರು ಅಂತಾನೇ ಹಾಕೋದು. ನಂಗೂ ಅದು ಸರಿ ಅನ್ಸಲ್ಲ. ತಮಾಷೆ ಏನಂದ್ರೆ ಕಾನೂನು ಬೇರೆ ಹೇಳ್ತಿತ್ತು, 1966ರ ಬೀಡಿ ಕಾರ್ಮಿಕರ ಕಾಯ್ದೆ ಮನೇಲಿ ಕಟ್ಟೋರ್ನೂ ಕಾರ್ಮಿಕರು ಅಂತಾನೇ ಒಪ್ಕೊಂಡಿದ್ದು.

ಉಳ್ಳಾಲ_ಬಂಗುಡೆ
ಹೌದು, ಅದಕ್ಕೇ ಅಮ್ಮನಿಗೆ ಪಿಎಫ್ ಇತ್ತು. ಅಕ್ಕನ ಮದುವೆಗೆ ಅದೇ ದುಡ್ಡು ಆದದ್ದು. ಈಗ ಬೀಡಿ ಕೆಲಸ ವಾರಕ್ಕೆ ಸಿಗುವುದೇ ಕಮ್ಮಿ ದಿನ. ಬಿಟ್ಟವರೆಲ್ಲ ಏನು ಮಾಡ್ತಾರೆ ಅಂದ್ರೆ ಕೆಲವರು ಗೇರುಬೀಜದ ಫ್ಯಾಕ್ಟರಿ, ಕೆಲವರು ಸಂಘದ ಸಾಲ ತೆಗೆದು ಕೋಳಿ ಸಾಕುವುದು. ಲೆಕ್ಕದಲ್ಲಿ ಬೀಡಿ, ಕೋಳಿ ಎರಡೂ ಒಂದೇ ಖಾನೆ ಅಂತ ಈಗ ಗೊತ್ತಾಯ್ತು.

ತಿಪಟೂರು_ತೆಂಗು
ಸರಿ, ಹಂಗಾದ್ರೆ ಈ ಏರಿಕೆ ಒಳ್ಳೇದಾ ಕೆಟ್ಟದ್ದಾ? ಕಷ್ಟ ಬಂದು ಹೊಲಕ್ಕಿಳಿದ್ರಾ, ಇಲ್ಲಾ ಅನುಕೂಲ ಆಗಿ ಶುರು ಮಾಡಿದ್ರಾ?

ಅಂಕಗಣಿತ_ಮೇಷ್ಟ್ರು
ಇದಕ್ಕೇ ಅರ್ಥಶಾಸ್ತ್ರದೋರು ಕಿತ್ತಾಡ್ತಿರೋದು. ನಮ್ಮ ಬೆಂಗಳೂರಿನ ಅಜೀಂ ಪ್ರೇಮ್‌ಜಿ ಯೂನಿವರ್ಸಿಟಿಯೋರು 2023ರ ಸ್ಟೇಟ್ ಆಫ್ ವರ್ಕಿಂಗ್ ಇಂಡಿಯಾ ರಿಪೋರ್ಟಲ್ಲಿ ಇದು ಕಷ್ಟಕ್ಕೆ ಬಂದ ಏರಿಕೆ ಅಂದ್ರು. ಅವರ ವಾದ ಸಿಂಪಲ್: ಜನ ಖುಷಿಯಿಂದ ಸ್ವಂತ ಉದ್ಯೋಗಕ್ಕೆ ನುಗ್ಗಿದ್ರೆ ಅದರ ಆದಾಯನೂ ಏರಬೇಕು, ಆದ್ರೆ ಲಾಕ್‌ಡೌನ್ ಆಗಿ ಎರಡು ವರ್ಷ ಆದ್ಮೇಲೂ ಸ್ವಂತ ಉದ್ಯೋಗದ ಗಳಿಕೆ 2019ರ ಏಪ್ರಿಲ್-ಜೂನ್‌ನಲ್ಲಿ ಇದ್ದಿದ್ದರ 85 ಪರ್ಸೆಂಟ್ ಮಾತ್ರ ಇತ್ತು. ಅದೇ ರೊಟ್ಟಿನ ಜಾಸ್ತಿ ಜನ ಹಂಚ್ಕೊಂಡಂಗೆ. ಇನ್ನೊಂದು ಕಡೆಯೋರು ಹೇಳೋದು ಮನೆಗೆ ಗ್ಯಾಸ್ ಬಂತು, ನಲ್ಲಿ ನೀರು ಬಂತು, ಸ್ವಸಹಾಯ ಸಂಘದ ಸಾಲ ಸಿಕ್ತು, ಟೈಮ್ ಉಳೀತು, ಅದಕ್ಕೆ ಕೆಲಸಕ್ಕೆ ಬಂದ್ರು ಅಂತ. ಅದ್ರಲ್ಲೂ ಸತ್ಯ ಇದೆ, ಏರಿಕೆ ಲಾಕ್‌ಡೌನ್‌ಗೆ ಮುಂಚೆನೇ ಶುರು ಆಗಿತ್ತು, ಲಾಕ್‌ಡೌನ್ ಮುಗಿದು ಎಲ್ಲ ಸರಿಹೋದ ಮೇಲೂ ನಿಂತಿಲ್ಲ. ಬರೀ ಕಷ್ಟ ಅಂದ್ರೆ ಕಷ್ಟ ಕಳೆದ್ಮೇಲೆ ಇಳೀಬೇಕಿತ್ತಲ್ಲ.

ನಂಗನ್ಸೋದು ಇನ್ನೂ ಹಿಂದಕ್ಕೆ ಹೋಗಿ ನೋಡ್ಬೇಕು. ಇದೇ ಲೆಕ್ಕ 2004-05ರಲ್ಲಿ 42.7 ಇತ್ತು. 2011-12ಕ್ಕೆ 31.2. 2017-18ಕ್ಕೆ 23.3. 2023-24ಕ್ಕೆ 41.7. ಅಂದ್ರೆ ಇಪ್ಪತ್ತು ವರ್ಷ ಸುತ್ತಿ ಹೊರಟ ಜಾಗಕ್ಕೇ ಬಂದು ನಿಂತಿದೀವಿ, ದಾಖಲೆ ಗೀಖಲೆ ಏನಿಲ್ಲ. ಕ್ಲಾಡಿಯಾ ಗೋಲ್ಡಿನ್‌ಗೆ 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತಲ್ಲ, ಆಯಮ್ಮ ಅಮೆರಿಕದ ಇನ್ನೂರು ವರ್ಷದ ಲೆಕ್ಕ ತೆಗೆದು ತೋರಿಸಿದ್ದು, ಹೊಲದ ಕಾಲದಲ್ಲಿ ಹೆಂಗಸರ ದುಡಿಮೆ ಜಾಸ್ತಿ, ಫ್ಯಾಕ್ಟ್ರಿ ಕಾಲದಲ್ಲಿ ಇಳೀತು, ಆಫೀಸು ಸರ್ವೀಸು ಕೆಲಸ ಬಂದ್ಮೇಲೆ ಮತ್ತೆ ಏರಿತು ಅಂತ. ಆ ಗೆರೆನ ನಮಗೆ ಅಂಟಿಸಿ "ನೋಡಿ ನಾವು ಏರೋ ಭಾಗಕ್ಕೆ ಬಂದ್ವಿ" ಅಂತ ಕೆಲವರು ಹೇಳ್ತಾರೆ. ನಾನು ಒಪ್ಪಲ್ಲ. ಅಲ್ಲಿ ಏರಿದ್ದು ಆಫೀಸಿಗೆ, ಇಲ್ಲಿ ಏರಿದ್ದು ಹೊಲಕ್ಕೆ.

ಪೀಣ್ಯ_ಸೆಕೆಂಡ್_ಸ್ಟೇಜ್
ಎಲ್ರೂ ಹೊಲ ಹೊಲ ಅಂತೀರಾ, ಸಂಬಳದ ಕೆಲಸಕ್ಕೆ ಬಂದೋರ ಗತಿ ಕೇಳಿ ಸ್ವಲ್ಪ. ನಾನು ಗಾರ್ಮೆಂಟ್ಸಲ್ಲಿ ಹೆಲ್ಪರ್ ಆಗಿ ಸೇರಿ ಟೈಲರ್ ಆಗಿ ಆಮೇಲೆ ಲೈನ್ ಸೂಪರ್‌ವೈಸರ್ ಆಗಿದ್ದೆ, ಕಂಪನಿ ಹೆಸರು ಬೇಡ. ಕೆಲಸ ಇದೆ, ಗೇಟಲ್ಲಿ ಬೋರ್ಡ್ ಯಾವಾಗ್ಲೂ ನೇತಾಡ್ತಿರತ್ತೆ ಟೈಲರ್‌ಗಳು ಬೇಕಾಗಿದ್ದಾರೆ ಅಂತ. ಆದ್ರೂ ಬಂದೋರು ನಿಲ್ಲಲ್ಲ. ಊರಿಂದ ಹುಡ್ಗೀರ್ನ ಕರ್ಕೊಂಡ್ಬರ್ತಾರೆ, ಹಾಸ್ಟೆಲ್‌ನಲ್ಲಿ ಇಡ್ತಾರೆ, ಹಬ್ಬಕ್ಕೆ ಊರಿಗೆ ಹೋದೋಳು ವಾಪಸ್ ಬರಲ್ಲ. ಬರೀ ಸಂಬಳ ಅಲ್ಲ ಕಣ್ರೀ, ಟಾರ್ಗೆಟ್ಟು, ಬಾಯಿಗೆ ಬಂದಂಗೆ ಬೈಗುಳ, ಟಾಯ್ಲೆಟ್ಟಿಗೆ ಹೋದ್ರೆ ಎಷ್ಟೊತ್ತು ಅಂತ ಕೇಳೋದು, ಮೇಲಿಂದ ನಂಗೆ ಬೈತಿದ್ರು ನಾನು ಕೆಳಗೆ ಬೈತಿದ್ದೆ, ಅದು ಹಂಗೇ ಇಳ್ಕೊಂಡು ಬರ್ತಿತ್ತು. 2016ರಲ್ಲಿ ಪಿಎಫ್ ದುಡ್ಡು 58 ವರ್ಷದವರ್ಗೂ ಪೂರ್ತಿ ಕೊಡಲ್ಲ ಅಂತ ರೂಲ್ ತಂದಾಗ ಹೊಸೂರು ರೋಡ್ ಬಂದ್ ಆಯ್ತಲ್ಲ ಏಪ್ರಿಲ್ಲಲ್ಲಿ, ಅದು ಯಾವ ಯೂನಿಯನ್‌ನೂ ಕರೆದಿದ್ದಲ್ಲ, ಲೈನಿಂದ ಎದ್ದು ಹೋಗಿದ್ದು. ಎರಡನೇ ದಿನಕ್ಕೇ ರೂಲ್ ವಾಪಸ್ ತಗೊಂಡ್ರು.

ಅಂಕಗಣಿತ_ಮೇಷ್ಟ್ರು
ಅಕ್ಕ ನೀವು ಹೇಳಿದ್ರಲ್ಲಿ ಒಂದೊಂದಕ್ಕೂ ಬೆಂಗಳೂರಿನ ಗಾರ್ಮೆಂಟ್ಸಲ್ಲೇ ಮಾಡಿರೋ ಸಂಶೋಧನೆ ಇದೆ. ಅಚ್ಯುತ ಅಧ್ವರ್ಯು, ನಮ್ರತಾ ಕಾಲಾ, ಅನಂತ್ ನ್ಯಷಾಧಮ್ ಅಂತ ಮೂವರು ವರ್ಷಗಟ್ಟಲೆ ಇದ್ರ ಹಿಂದೆನೇ ಬಿದ್ದಿದಾರೆ. ಗ್ಯಾಪ್ ಅನ್ನೋ ಅಮೆರಿಕದ ಬಟ್ಟೆ ಕಂಪನಿಯ ಪೇಸ್ ಅಂತ ಒಂದು ತರಬೇತಿ ಇತ್ತು, ಹೊಲಿಗೆ ಕಲಿಸೋದಲ್ಲ, ಮಾತಾಡೋದು, ಟೈಮ್ ಹೊಂದಿಸ್ಕೊಳೋದು, ಸಮಸ್ಯೆ ಬಂದಾಗ ಯಾರನ್ನ ಹೆಂಗೆ ಕೇಳೋದು ಇಂಥದ್ದು. ಬೆಂಗಳೂರಿನ ಐದು ಫ್ಯಾಕ್ಟ್ರಿಲಿ 2013ರಲ್ಲಿ ಶುರು ಮಾಡಿ, ಸೇರ್ತೀವಿ ಅಂದೋರಲ್ಲಿ ಲಾಟರಿ ಎತ್ತಿ ಕೆಲವರಿಗೆ ಮಾತ್ರ ಕೊಟ್ರು, ಹಂಗಾಗಿ ಹೋಲಿಕೆ ಕ್ಲೀನಾಗಿದೆ. ತರಬೇತಿ ಸಿಕ್ಕ ಹೆಂಗಸರ ಉತ್ಪಾದನೆ ಸುಮಾರು 13 ಪರ್ಸೆಂಟ್ ಮೇಲೆ ಹೋಯ್ತು. ಅದೇ ಲೈನಲ್ಲಿ ಪಕ್ಕ ಕೂತು ತರಬೇತಿ ಸಿಗದೇ ಇದ್ದೋರ್ದೂ ಏರಿತು. ಕಂಪನಿಗೆ ಹಾಕಿದ ದುಡ್ಡಿನ ಮೇಲೆ 250 ಪರ್ಸೆಂಟ್‌ಗಿಂತ ಜಾಸ್ತಿ ಲಾಭ. ಆ ಹೆಂಗಸರ ಸಂಬಳ ಎಷ್ಟು ಏರಿತು ಗೊತ್ತಾ? ಅರ್ಧ ಪರ್ಸೆಂಟು.

ಪೀಣ್ಯ_ಸೆಕೆಂಡ್_ಸ್ಟೇಜ್
ಅರ್ಧ 🙂

ಇದನ್ನ ಕಂಡ್ಹಿಡಿಯೋಕೆ ಲಾಟರಿ ಎತ್ತಬೇಕಿತ್ತಾ ಸಾರ್, ನನ್ನ ಕೇಳಿದ್ರೆ ಟೀ ಕುಡಿಯೋಷ್ಟರಲ್ಲಿ ಹೇಳ್ತಿದ್ದೆ.

ಅಂಕಗಣಿತ_ಮೇಷ್ಟ್ರು
ಹೇಳ್ತಿದ್ರಿ, ಆದ್ರೆ ಮೀಟಿಂಗಲ್ಲಿ ಮ್ಯಾನೇಜ್‌ಮೆಂಟ್ ಮುಂದೆ ಆ ಮಾತಿಗೆ ಬೆಲೆ ಸಿಗ್ತಿರ್ಲಿಲ್ಲ, ಈ ಅಂಕಿಗೆ ಸಿಗುತ್ತೆ. ನಂಗೆ ಅದ್ರಲ್ಲಿ ಮುಖ್ಯ ಅನ್ಸೋದು ಈ ಪ್ರಶ್ನೆ: 13 ಪರ್ಸೆಂಟ್ ಜಾಸ್ತಿ ಹೊಲಿಯೋ ಟೈಲರ್‌ನ ಪಕ್ಕದ ಫ್ಯಾಕ್ಟ್ರಿಯೋನು ಜಾಸ್ತಿ ಸಂಬಳ ಕೊಟ್ಟು ಯಾಕೆ ಎಳ್ಕೊಳಲ್ಲ? ಪುಸ್ತಕದ ಪ್ರಕಾರ ಎಳ್ಕೊಬೇಕು. ಒಂದು, ಅವಳಲ್ಲಿ ಆ ಗುಣ ಇದೆ ಅಂತ ಹೊರಗಿನೋನಿಗೆ ಕಾಣಲ್ಲ, ಸರ್ಟಿಫಿಕೇಟ್ ನೋಡಿ ಯಾರೂ ಟೈಲರ್‌ನ ತಗೊಳಲ್ಲ. ಇನ್ನೊಂದು, ಅವಳು ಎಷ್ಟು ದೂರ ಹೋಗಬಲ್ಲಳು? ಮಕ್ಕಳ ಸ್ಕೂಲು, ಬಾಡಿಗೆ ಮನೆ, ನಡ್ಕೊಂಡು ಹೋಗೋ ದೂರದಲ್ಲಿರೋ ಒಂದೋ ಎರಡೋ ಫ್ಯಾಕ್ಟ್ರಿ, ಎಲ್ಲಾ ಕಡೆ ಕನಿಷ್ಠ ವೇತನದ ಆಸುಪಾಸೇ. ಕೊಳ್ಳೋನು ಒಬ್ಬನೇ ಇದ್ರೆ ಬೆಲೆ ಅವನದ್ದೇ ಅಂತ ರೇಷ್ಮೆಗೂಡಿನೋರಿಗೂ ಗೊತ್ತು. ಜೋನ್ ರಾಬಿನ್ಸನ್ ಅಂತ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞೆ ಇದನ್ನ ಕಾರ್ಮಿಕರ ವಿಷಯದಲ್ಲಿ 1933ರಲ್ಲೇ ಬರೆದಿದ್ರು.

ಕೆಲಸ ಬಿಟ್ಟು ಹೋಗೋದರ ಬಗ್ಗೆನೂ ಆ ಮೂವರಲ್ಲಿ ಇಬ್ರು, ಅಧ್ವರ್ಯು ಮತ್ತೆ ನ್ಯಷಾಧಮ್, ಸೇರಿ ಮಾಡಿದ ಇನ್ನೊಂದು ಅಧ್ಯಯನ ಇದೆ. ಒಂದು ಸಲ ವಾರ್ಷಿಕ ಸಂಬಳ ಏರಿಕೆ ನಿರೀಕ್ಷೆಗಿಂತ ಕಮ್ಮಿ ಬಂತು, ಎಲ್ರಿಗೂ ಬೇಜಾರು. ಆವಾಗ ಲಾಟರಿ ತರ ಕೆಲವರನ್ನ ಆರಿಸಿ ಹೆಸರು ಹೊರಗೆ ಬರ್ದಂಗೆ ಒಂದು ಸರ್ವೆ ಮಾಡಿದ್ರು, ಕೆಲಸದ ಬಗ್ಗೆ, ಸೂಪರ್‌ವೈಸರ್ ಬಗ್ಗೆ, ಸಂಬಳದ ಬಗ್ಗೆ ನಿಮ್ಮ ಅಭಿಪ್ರಾಯ ಏನು ಅಂತ. ಬರೀ ಕೇಳಿದ್ದಷ್ಟೇ. ಆ ಗುಂಪಲ್ಲಿ ಕೆಲಸ ಬಿಟ್ಟೋರು ಸುಮಾರು 20 ಪರ್ಸೆಂಟ್ ಕಮ್ಮಿ.

ಪೀಣ್ಯ_ಸೆಕೆಂಡ್_ಸ್ಟೇಜ್
ಇದು ಮಾತ್ರ ನಂಗೆ ಹೆದರಿಕೆ ಆಗತ್ತೆ. ಸಂಬಳ ಏರಿಸ್ಬೇಡ, ಒಂದು ಪೇಪರ್ ಕೊಟ್ಟು ಬೇಜಾರು ಬರ್ಸ್ಕೋ, ಸಾಕು ಅಂತ ಮ್ಯಾನೇಜ್‌ಮೆಂಟ್ ಕಲಿತಂಗಾಯ್ತಲ್ಲ. ಒಂದು ವರ್ಷ ನಡೀಬೋದು. ಬರೆದುಕೊಟ್ಟ ಮೇಲೂ ಏನೂ ಬದಲಾಗ್ಲಿಲ್ಲ ಅಂದ್ರೆ ಮುಂದಿನ ವರ್ಷ ಆ ಪೇಪರ್‌ನ ಯಾರೂ ಮುಟ್ಟಲ್ಲ.

ಆಮೇಲೆ ಸೆಕೆ ಬಗ್ಗೆ ಯಾರಾದ್ರೂ ಮಾಡಿದಾರಾ? ಏಪ್ರಿಲ್ ತಿಂಗ್ಳು ಶೀಟ್ ಕೆಳಗೆ ಐರನಿಂಗ್ ಸೆಕ್ಷನ್ ಪಕ್ಕ ಕೂತು ನೋಡಿ ಗೊತ್ತಾಗುತ್ತೆ.

ಅಂಕಗಣಿತ_ಮೇಷ್ಟ್ರು
ಮಾಡಿದಾರೆ, ಅದೇ ಮೂವರು. ಕರೆಂಟ್ ಉಳ್ಸೋಕೆ ಅಂತ ಹಳೇ ಟ್ಯೂಬ್‌ಲೈಟ್ ತೆಗೆದು ಎಲ್‌ಇಡಿ ಹಾಕಿದ್ರು, ಎಲ್‌ಇಡಿ ಕಮ್ಮಿ ಬಿಸಿ ಬಿಡುತ್ತಲ್ಲ, ಬಿಸಿಲು ಜಾಸ್ತಿ ಇದ್ದ ದಿನಗಳಲ್ಲಿ ಉತ್ಪಾದನೆ ಬೀಳೋದು ಬಹುಪಾಲು ನಿಂತುಹೋಯ್ತು. ಕರೆಂಟ್ ಬಿಲ್ ಲೆಕ್ಕ ಮಾತ್ರ ಹಾಕಿದ್ದ ಮಾಲೀಕರಿಗೆ ಈ ಲಾಭ ಗೊತ್ತೇ ಇರ್ಲಿಲ್ಲ. ಅಂದ್ರೆ ಒಬ್ರೂ ನಿಮ್ಮನ್ನ ಸೆಕೆ ಆಗ್ತಿದ್ಯಾ ಅಂತ ಕೇಳಿರ್ಲಿಲ್ಲ ಅನ್ನಿ.

ಪುಣೆ_ಕನ್ನಡತಿ
ಫ್ಯಾಕ್ಟರಿ ಗೇಟಿನವರೆಗೂ ಬರೋಕೇ ಆಗದೇ ಇರೋರ ಬಗ್ಗೆನೂ ಮಾತಾಡ್ಬೇಕಲ್ವಾ. 2024ರ ಸಮಯ ಬಳಕೆ ಸರ್ವೆಲಿ ಮನೆಗೆಲಸ ಮಾಡೋ ಹೆಂಗಸ್ರು ದಿನಕ್ಕೆ 289 ನಿಮಿಷ ಅದಕ್ಕೆ ಕೊಡ್ತಾರೆ, ಗಂಡಸರಲ್ಲಿ *ಮಾಡೋರು* ಕೊಡೋದು 88 ನಿಮಿಷ. ಮಾಡದೇ ಇರೋರು ಆ ಸರಾಸರಿಲಿ ಇಲ್ವೇ ಇಲ್ಲ, ಅದನ್ನ ಮರೀಬೇಡಿ. ಹೆಚ್ಚುಕಮ್ಮಿ ಐದು ಗಂಟೆ ಮನೇಲಿ ದುಡಿದು ಇನ್ನು ಎಂಟು ಗಂಟೆ ಶಿಫ್ಟು ಅದರ ಮೇಲೆ ಓಡಾಟ ಅಂದ್ರೆ ಯಾರಿಗೆ ಆಗುತ್ತೆ. ಮನೆ ಹತ್ರ ಹಸು, ಹೊಲ, ಬೀಡಿ ಅಂತ ನಿಲ್ಲೋದಕ್ಕೆ ಇದೇ ಕಾರಣ, ಅದು ಮಾತ್ರ ಈ 289ರ ಮಧ್ಯೆ ತೂರುತ್ತೆ.

ಆಮೇಲೆ ದುಡ್ಡು ಯಾರ ಕೈಗೆ ಹೋಗುತ್ತೆ ಅನ್ನೋದು. ತಿಪಟೂರಿನೋರು ಡೈರಿ ಪುಸ್ತಕದ ಬಗ್ಗೆ ಹೇಳಿದ್ರಲ್ಲ, ಮಧ್ಯಪ್ರದೇಶದ ಉತ್ತರ ಭಾಗದಲ್ಲಿ ಒಂದು ಪ್ರಯೋಗ ನಡೆದಿತ್ತು, ಎರಿಕಾ ಫೀಲ್ಡ್, ರೋಹಿಣಿ ಪಾಂಡೆ ಮತ್ತೆ ಜೊತೆಯವರದ್ದು, 2021ರಲ್ಲಿ ಪ್ರಕಟ ಆಗಿದ್ದು. ನರೇಗಾ ಕೂಲಿ ಮನೆ ಯಜಮಾನನ ಅಕೌಂಟಿಗೆ ಹೋಗ್ತಿತ್ತು. ಕೆಲವು ಪಂಚಾಯ್ತಿಲಿ ಹೆಂಗಸರಿಗೆ ಅವರದ್ದೇ ಅಕೌಂಟ್ ಮಾಡ್ಸಿ, ಕೂಲಿ ನೇರ ಅಲ್ಲಿಗೇ ಬರೋ ಹಂಗೆ ಮಾಡಿ, ಬ್ಯಾಂಕ್ ಹೆಂಗೆ ಬಳಸೋದು ಅಂತ ಸ್ವಲ್ಪ ಹೇಳ್ಕೊಟ್ರು. ಅಲ್ಲಿ ಹೆಂಗಸ್ರು ನರೇಗಾಗೆ ಮಾತ್ರ ಅಲ್ಲ, ಹೊರಗಿನ ಕೆಲಸಕ್ಕೂ ಜಾಸ್ತಿ ಹೋದ್ರು. ಅದರಲ್ಲೂ ಜಾಸ್ತಿ ಬದಲಾಗಿದ್ದು ಯಾವ ಮನೇಲಿ? ಹೆಂಡ್ತಿ ಕೆಲಸಕ್ಕೆ ಹೋಗೋದು ಗಂಡನಿಗೆ ಇಷ್ಟ ಇಲ್ಲದ ಮನೇಲಿ.

ಹುಬ್ಬಳ್ಳಿ_ಮಿರ್ಚಿ
ಶಕ್ತಿ ಬಸ್ಸಿಂದ ಏನರ ಫರಕ್ ಬಿತ್ತೇನು? 2023ರ ಜೂನ್‌ನಿಂದ ಫ್ರೀ ಐತಿ. ನಮ್ಮವ್ವ ಅಂತೂ ಎಲ್ಲಾ ಗುಡಿ ಮುಗಿಸ್ಯಾಳ 😄 ಆದ್ರ ಬೆಳಿಗ್ಗಿ ಹಳ್ಳಿ ಬಸ್ಸಿನ್ಯಾಗ ಸಿಟಿಗೆ ಕೆಲಸಕ್ಕ ಬರೋ ಹೆಣ್ಮಕ್ಕಳು ಜಾಸ್ತಿ ಆಗ್ಯಾರ ಅಂತ ಕಣ್ಣಿಗೆ ಕಾಣತೈತಿ.

ಅಂಕಗಣಿತ_ಮೇಷ್ಟ್ರು
ಕಣ್ಣಿಗೆ ಕಾಣೋದು ನಿಜ ಇರಬೋದು, ಆದ್ರೆ ಅದೇ ಟೈಮಲ್ಲಿ ಇಡೀ ದೇಶದಲ್ಲೇ ನಂಬರ್ ಏರ್ತಿತ್ತು, 2022-23ರಲ್ಲಿ 37 ಇದ್ದಿದ್ದು ಮುಂದಿನ ವರ್ಷ 41.7. ಕರ್ನಾಟಕದ ಏರಿಕೆಲಿ ಬಸ್ಸಿನ ಪಾಲು ಎಷ್ಟು ಅಂತ ಬೇರೆ ಮಾಡ್ಬೇಕು ಅಂದ್ರೆ ಬಸ್ ಫ್ರೀ ಇಲ್ಲದ ಪಕ್ಕದ ರಾಜ್ಯದ ಗಡಿ ಜಿಲ್ಲೆಗಳ ಜೊತೆ ಇಟ್ಟು ನೋಡ್ಬೇಕು. ಟಿಕೆಟ್ ಎಣಿಕೆ ತೋರಿಸಿ ಉದ್ಯೋಗ ಅಂತ ಹೇಳೋಕಾಗಲ್ಲ.

ತಿಪಟೂರು_ತೆಂಗು
ಕೊನೇ ಡೌಟು. ನಿರುದ್ಯೋಗ 6.1ರಿಂದ 3.2ಕ್ಕೆ ಇಳೀತು ಅಂತಾನೂ ಇದೇ ಸರ್ವೆಲಿ ಇದೆ. ಅದೂ ಇದೇ ಕಥೆನಾ?

ಮನೆಮನೆ_ಸರ್ವೆ
ಬಹಳ ಮಟ್ಟಿಗೆ. ನಿರುದ್ಯೋಗಿ ಅನ್ನಿಸ್ಕೊಳೋಕೆ ಕೋಡ್ 81 ಬೇಕು, ಕೆಲಸ ಇರಬಾರದು, ಹುಡುಕ್ತಿರಬೇಕು ಇಲ್ಲ ಸಿಕ್ಕಿದ್ರೆ ಮಾಡೋಕೆ ರೆಡಿ ಇರ್ಬೇಕು. ಬಿಎ ಮುಗಿಸಿ ಕೆಲಸ ಸಿಗದೆ ಅಪ್ಪನ ಅಂಗಡಿಲಿ ಕೂತ ತಕ್ಷಣ ಅವನು 81 ಬಿಟ್ಟು 21ಕ್ಕೆ ಹೋದ, ನಿರುದ್ಯೋಗ ಇಳೀತು. ಬಡವರ ಮನೇಲಿ ಸುಮ್ನೆ ಕೂತು ಹುಡುಕ್ತೀನಿ ಅನ್ನೋಕೆ ಆಗಲ್ಲ, ಏನೋ ಒಂದು ಮಾಡ್ತಾರೆ. ಅದಕ್ಕೇ ಓದಿದೋರಲ್ಲೇ ನಿರುದ್ಯೋಗ ಜಾಸ್ತಿ ಕಾಣೋದು.

2025ರಿಂದ ಪ್ರತಿ ತಿಂಗಳೂ ನಂಬರ್ ಬರ್ತಿದೆ, ಮೊದಲನೇದು 2025ರ ಏಪ್ರಿಲ್‌ದು, ನಿರುದ್ಯೋಗ 5.1. ಅದನ್ನ ಈ 3.2ರ ಪಕ್ಕ ಇಟ್ಟು "ನೋಡಿ ಏರಿತು" ಅಂತ ವಾಟ್ಸಾಪಲ್ಲಿ ಓಡಾಡ್ತಿತ್ತು. ಅದು ಬೇರೆ ಲೆಕ್ಕ, ಹಿಂದಿನ ಏಳು ದಿನದಲ್ಲಿ ಒಂದು ಗಂಟೆನಾದ್ರೂ ಕೆಲಸ ಮಾಡಿದ್ರಾ ಅಂತ ಕೇಳೋದು. ವರ್ಷದ ಲೆಕ್ಕ ಅಲ್ಲ.

ತಿಪಟೂರು_ತೆಂಗು
ಈ ಕೋಡ್ 21ನ ನಮ್ಮ ಜಿಲ್ಲೆಗೆ ಮಾತ್ರ ತೆಗೆದು ನೋಡೋಕಾಗುತ್ತಾ? ಎಕ್ಸೆಲ್ ಸ್ವಲ್ಪ ಬರುತ್ತೆ.

ಮನೆಮನೆ_ಸರ್ವೆ
ಡೇಟಾ ಫ್ರೀ, ಅಂಕಿಅಂಶ ಸಚಿವಾಲಯದ ಮೈಕ್ರೋಡೇಟಾ ಪೋರ್ಟಲಲ್ಲಿ ರಿಜಿಸ್ಟರ್ ಆದ್ರೆ ಸಿಗುತ್ತೆ. ಆದ್ರೆ 2023-24ರ ಫೈಲಲ್ಲಿ ಒಂದು ಜಿಲ್ಲೆಗೆ ಬರೋ ಮನೆಗಳು ತೀರಾ ಕಮ್ಮಿ, ಅದ್ರ ಮೇಲೆ ತೀರ್ಮಾನ ಬೇಡ, ಕರ್ನಾಟಕ ಗ್ರಾಮೀಣ ಅಂತ ಒಟ್ಟಿಗೆ ತಗೊಳಿ. ವೆಯ್ಟ್ ಕಾಲಂ (ಸರ್ವೆಲಿ ಸಿಕ್ಕ ಒಬ್ರು ಎಷ್ಟು ಜನಕ್ಕೆ ಲೆಕ್ಕ ಅನ್ನೋ ಅಂಕಿ) ಗುಣಿಸದೇ ಲೆಕ್ಕ ಹಾಕ್ಬೇಡಿ, ಎಲ್ಲರೂ ಮೊದಲು ಅಲ್ಲೇ ಜಾರೋದು. ಮುಖ್ಯ ಕಸುಬಿನ ಕೋಡು ಒಂದು ಕಾಲಂ, ಉಪಕಸುಬಿನ ಕೋಡು ಇನ್ನೊಂದು ಕಾಲಂ, ಎರಡರಲ್ಲೂ 21 ಹುಡುಕಿ. 2025ರ ಫೈಲನ್ನ ಇದರ ಜೊತೆ ಸೇರಿಸ್ಬೇಡಿ, ಅದ್ರಲ್ಲಿ ಸ್ಯಾಂಪಲ್ ಆರಿಸೋ ರೀತಿನೇ ಬದಲಾಗಿದೆ, ವರ್ಷನೂ ಜುಲೈ-ಜೂನ್ ಹೋಗಿ ಜನವರಿ-ಡಿಸೆಂಬರ್ ಆಗಿದೆ.

ಎಕ್ಸೆಲಲ್ಲಿ ಆ ಫೈಲ್ ಒದ್ದಾಡುತ್ತೆ, ಆರ್ (R) ಅನ್ನೋ ಅಂಕಿಅಂಶದ ಸಾಫ್ಟ್‌ವೇರ್ ಇದ್ರೆ ಒಳ್ಳೇದು. ಸಿಕ್ಕಾಕ್ಕೊಂಡ್ರೆ ಇಲ್ಲೇ ಕೇಳಿ.

ಸೀದಾ_ಮಾತು
ತೆಗೆದ್ಮೇಲೆ ಇಲ್ಲೂ ಹಾಕಿ. ನಂಗೂ ನೋಡ್ಬೇಕು.